ಗಣಿತಸಾರಸಂಗ್ರಹದ ಛಾಯಾಸೂತ್ರ ಮತ್ತು ಶೂನ್ಯಚ್ಛೇದದ ಪ್ರಶ್ನೆ

ಪೀಠಿಕೆ

ಕರ್ನಾಟಕದ ಇತಿಹಾಸ ಸಂಶೋಧನೆಯಲ್ಲಿ ಶಾಸನ, ರಾಜಮನೆತನ, ವಾಸ್ತುಶಿಲ್ಪ ಮತ್ತು ಕಾವ್ಯಗಳಿಗೆ ದೊರೆತಿರುವಷ್ಟು ಗಮನ ಶಾಸ್ತ್ರಗ್ರಂಥಗಳಿಗೆ ದೊರೆತಿಲ್ಲ. ಅವುಗಳಲ್ಲಿಯೂ ಗಣಿತಗ್ರಂಥಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಕರ್ತೃವಿನ ಕಾಲ, ಮತ, ಆಶ್ರಯದಾತರ ವಿಚಾರಗಳಲ್ಲಿಯೇ ಮುಗಿದುಬಿಡುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (ಕ್ರಿ.ಶ. 814-878) ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಜೈನ ವಿದ್ವಾಂಸ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವೂ ಇದಕ್ಕೆ ಹೊರತಲ್ಲ. ಒಂಬತ್ತು ಅಧಿಕಾರಗಳ ಈ ಗ್ರಂಥವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಮೂಲವನ್ನು ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು.

ಗಣಿತದ ಇತಿಹಾಸಕಾರರು ಮಹಾವೀರನ ವಿಷಯದಲ್ಲಿ ಒಂದು ಆಕ್ಷೇಪವನ್ನು ತಪ್ಪದೆ ಎತ್ತುತ್ತಾರೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಅವನು ಹೇಳಿದ್ದಾನೆ. ಇಂದಿನ ಗಣಿತದಲ್ಲಿ ಇದು ತಪ್ಪು. ಇನ್ನೊಂದು ಕಡೆ, ಅನಂತದ ಕಲ್ಪನೆಯೆಲ್ಲವೂ ನಮ್ಮ ಪೂರ್ವಿಕರಿಗೆ ಕರಗತವಾಗಿತ್ತೆಂಬ ಅಭಿಮಾನದ ಮಾತುಗಳೂ ಕೇಳಿಬರುತ್ತವೆ. ತಪ್ಪೆಂದು ತಳ್ಳಿಹಾಕುವುದಾಗಲಿ ಎಲ್ಲವೂ ಗೊತ್ತಿತ್ತೆಂದು ಹೊಗಳುವುದಾಗಲಿ ಗ್ರಂಥವನ್ನು ಓದುವ ಶ್ರಮವನ್ನು ತಪ್ಪಿಸುತ್ತದೆಯೇ ಹೊರತು ಅದರ ಯೋಗ್ಯತೆಯನ್ನು ತಿಳಿಸುವುದಿಲ್ಲ. ಇದೇ ಗ್ರಂಥದ ಛಾಯಾವ್ಯವಹಾರದಲ್ಲಿ, ಅಂದರೆ ನೆರಳಿನ ಲೆಕ್ಕಗಳ ಅಧಿಕಾರದಲ್ಲಿ ಬರುವ ಒಂದು ಸೂತ್ರವನ್ನು ಶೂನ್ಯದ ನಿಯಮದ ಪಕ್ಕದಲ್ಲಿಟ್ಟು ನೋಡಿದಾಗ, ಒಂದು ನಿಯಮ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ಪ್ರಾಚೀನರು ಹೇಗೆ ಎದುರಿಸಿದರೆಂಬುದು ಸ್ಪಷ್ಟವಾಗುತ್ತದೆ.

ಪರಿಭಾಷೆ

ವಿಷಯಪ್ರವೇಶಕ್ಕೆ ಮುನ್ನ ಇಂದಿನ ಗಣಿತದ ನಾಲ್ಕು ಮಾತುಗಳನ್ನು ವಿವರಿಸುವುದು ಅಗತ್ಯ. ಒಂದು ಬಹುಪದೋಕ್ತಿಯನ್ನು ಇನ್ನೊಂದು ಬಹುಪದೋಕ್ತಿಯಿಂದ ಭಾಗಿಸಿದಾಗ ದೊರೆಯುವುದು ಭಾಗಲಬ್ಧ ಉತ್ಪನ್ನ. ಅದರಲ್ಲಿ ಯಾವ ಯಾವ ಬೆಲೆಗಳನ್ನು ಇಟ್ಟರೆ ಉತ್ತರ ಬರುತ್ತದೆಯೋ ಆ ಬೆಲೆಗಳ ಸಮೂಹ ಅದರ ಪ್ರಾಂತ. ಬರಬಹುದಾದ ಉತ್ತರಗಳ ಸಮೂಹ ಅದರ ವ್ಯಾಪ್ತಿ. ಛೇದವನ್ನು ಸೊನ್ನೆ ಮಾಡುವ ಬೆಲೆ ಪ್ರಾಂತಕ್ಕೆ ಸೇರುವುದಿಲ್ಲ. ಅಂಶ ಸೊನ್ನೆಯಾಗದೆ ಛೇದ ಮಾತ್ರ ಸೊನ್ನೆಯಾಗುವ ಕಡೆ ನಕ್ಷೆಯ ರೇಖೆ ಮಿತಿಯಿಲ್ಲದೆ ಮೇಲಕ್ಕೋ ಕೆಳಕ್ಕೋ ಸಾಗುತ್ತದೆ; ಅಲ್ಲಿ ಎಳೆದ ಲಂಬರೇಖೆಯನ್ನು ಅದು ಸಮೀಪಿಸುತ್ತ ಹೋಗುತ್ತದೆಯೇ ಹೊರತು ಎಂದಿಗೂ ಮುಟ್ಟುವುದಿಲ್ಲ. ಹೀಗೆ ವಕ್ರರೇಖೆಯೊಂದು ಕೊನೆಯಿಲ್ಲದೆ ಸಮೀಪಿಸುವ ಸರಳರೇಖೆ ಅನಂತಸ್ಪರ್ಶಕ. ಬೆಲೆಯನ್ನು ಎಷ್ಟು ಹೆಚ್ಚಿಸಿದರೂ ಉತ್ತರವು ಒಂದು ಸ್ಥಿರಸಂಖ್ಯೆಯ ಹತ್ತಿರಕ್ಕೆ ಮಾತ್ರ ಬರುತ್ತಿದ್ದರೆ ಆ ಅನಂತಸ್ಪರ್ಶಕ ಅಡ್ಡರೇಖೆಯಾಗಿರುತ್ತದೆ.

ಈ ಪರಿಭಾಷೆ ಮಹಾವೀರನದಲ್ಲ. ಅತಿಪರವಲಯದ ಅನಂತಸ್ಪರ್ಶಕಗಳ ವಿಚಾರವನ್ನು ಗ್ರೀಕ್ ಗಣಿತಜ್ಞ ಅಪೊಲೋನಿಯಸನು ಕ್ರಿಸ್ತಪೂರ್ವದಲ್ಲಿಯೇ ಮಾಡಿದ್ದನಾದರೂ, ಸಮೀಕರಣದಿಂದ ವಕ್ರರೇಖೆಯನ್ನು ಅರಿಯುವ ಕ್ರಮ ಡೆಕಾರ್ಟ್‌ನ 1637ರ ಗ್ರಂಥದ ಅನಂತರ ರೂಢಿಗೆ ಬಂದಿತು. ಆಯ್ಲರನ 1748ರ ಗ್ರಂಥ ಭಾಗಲಬ್ಧ ಉತ್ಪನ್ನಗಳನ್ನು ಪ್ರತ್ಯೇಕ ವರ್ಗವಾಗಿ ವಿವೇಚಿಸಿತು. ಆದರೆ ಪರಿಭಾಷೆ ಹುಟ್ಟುವುದಕ್ಕೆ ಮೊದಲೇ ಲೆಕ್ಕ ಹುಟ್ಟಿರುತ್ತದೆ. 'ಅಂಶ', 'ಛೇದ' ಎಂದು ಇಂದಿಗೂ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಲಿಯುವ ಮಾತುಗಳು ಆ ಹಳೆಯ ಗಣಿತಪರಂಪರೆಯಿಂದಲೇ ಬಂದವು.

ಛಾಯಾಸೂತ್ರ

ಗಡಿಯಾರವಿಲ್ಲದ ಕಾಲದಲ್ಲಿ ಹಗಲಿನ ಹೊತ್ತನ್ನು ತಿಳಿಯಲು ನೆರಳೇ ಆಧಾರವಾಗಿತ್ತು. ಗಣಿತಸಾರಸಂಗ್ರಹದ ಸೂತ್ರದ ತಾತ್ಪರ್ಯ ಹೀಗಿದೆ: ಮನುಷ್ಯನ ನೆರಳು ಅವನ ಎತ್ತರದ ಎಷ್ಟು ಪಟ್ಟು ಎಂಬುದನ್ನು ಅಳೆದು, ಅದಕ್ಕೆ ಒಂದನ್ನು ಕೂಡಿಸಿ, ಇಮ್ಮಡಿಸಿ, ಬಂದ ಸಂಖ್ಯೆಯಿಂದ ಹಗಲಿನ ಪ್ರಮಾಣವನ್ನು ಭಾಗಿಸಬೇಕು. ಪೂರ್ವಾಹ್ಣದಲ್ಲಾದರೆ ಹಗಲಿನಲ್ಲಿ ಕಳೆದಿರುವ ಭಾಗವೂ ಅಪರಾಹ್ಣದಲ್ಲಾದರೆ ಉಳಿದಿರುವ ಭಾಗವೂ ದೊರೆಯುತ್ತದೆ. ನೆರಳನ್ನು 'ನೆ' ಎಂದೂ ಕಳೆದ ಭಾಗವನ್ನು 'ಕಾ' ಎಂದೂ ಗುರುತಿಸಿದರೆ,

ಕಾ = 1 ÷ 2(ನೆ + 1)

ಎಂದಾಗುತ್ತದೆ. ಇಂದಿನ ಮಾತಿನಲ್ಲಿ ಇದೊಂದು ಭಾಗಲಬ್ಧ ಉತ್ಪನ್ನ. ಇದರ ನಕ್ಷೆ ಅತಿಪರವಲಯದ ಒಂದು ತುಂಡು. ನೆರಳು ಎತ್ತರದ 3 ಪಟ್ಟಿದ್ದರೆ ಹಗಲಿನ 1/8 ಭಾಗ ಕಳೆದಿದೆ. ಹಗಲು 30 ಘಳಿಗೆಯೆಂದು ಹಿಡಿದರೆ ಇದು 3¾ ಘಳಿಗೆ, ಅಂದರೆ ಸೂರ್ಯೋದಯವಾಗಿ ಒಂದೂವರೆ ಗಂಟೆ.

ಸೂತ್ರ ಮಹಾವೀರನಿಂದಲೇ ಆರಂಭವಾದುದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಲಮಾನವನ್ನು ಹೇಳುವಲ್ಲಿ ಎಂಟಾಳು ನೆರಳಿಗೆ ಹಗಲಿನ 1/18, ಆರಾಳಿಗೆ 1/14, ಮೂರಾಳಿಗೆ 1/8, ಎರಡಾಳಿಗೆ 1/6, ಒಂದಾಳಿಗೆ 1/4 ಭಾಗವೆಂದು ಪಟ್ಟಿ ಕೊಟ್ಟಿದೆ. ಇವೆಲ್ಲವೂ ಮೇಲಿನ ಸೂತ್ರಕ್ಕೆ ಸರಿಹೊಂದುತ್ತವೆ. ಅಲ್ಲಿ ಬಿಡಿಬಿಡಿಯಾಗಿದ್ದ ಬೆಲೆಗಳು ಇಲ್ಲಿ ಒಂದೇ ನಿಯಮದಲ್ಲಿ ಅಡಗಿವೆ.

ಈ ಸೂತ್ರದ ಪ್ರಾಂತ, ವ್ಯಾಪ್ತಿ, ಅನಂತಸ್ಪರ್ಶಕಗಳನ್ನು ಕಂಡುಹಿಡಿಯುವ ಬಗೆ ಸರಳವಾಗಿದೆ. ನೆ = -1 ಆದಾಗ ಛೇದ ಸೊನ್ನೆಯಾಗುತ್ತದೆ; ಲಂಬ ಅನಂತಸ್ಪರ್ಶಕ ಅಲ್ಲಿದೆ. ಆದರೆ ನೆರಳು ಋಣವಾಗಿರುವುದಿಲ್ಲ. ಆದುದರಿಂದ ಬಳಕೆಯಲ್ಲಿ ಪ್ರಾಂತವು ಸೊನ್ನೆ ಮತ್ತು ಅದಕ್ಕಿಂತ ಹೆಚ್ಚಿನ ಬೆಲೆಗಳು ಮಾತ್ರ. ವ್ಯಾಪ್ತಿಯನ್ನು ತಿಳಿಯಲು ಸೂತ್ರವನ್ನು ತಿರುಗಿಸಬೇಕು:

ನೆ = (1 ÷ 2ಕಾ) - 1

ನೆರಳು ಸೊನ್ನೆಗಿಂತ ಕಡಿಮೆಯಾಗಬಾರದೆಂದರೆ ಕಾ 1/2ನ್ನು ಮೀರಬಾರದು. ಜೊತೆಗೆ ಕಾ ಸೊನ್ನೆಯಾಗಬಾರದು. ಸೊನ್ನೆಗಿಂತ ಹೆಚ್ಚಾಗಿದ್ದು 1/2ನ್ನು ಮೀರದ ಬೆಲೆಗಳೇ ವ್ಯಾಪ್ತಿ. 1/2 ಎಂದರೆ ನಡುಹಗಲು, ಅದು ವ್ಯಾಪ್ತಿಯೊಳಗಿದೆ. ಸೊನ್ನೆ ಎಂದರೆ ಸೂರ್ಯೋದಯದ ಕ್ಷಣ. ಅದು ವ್ಯಾಪ್ತಿಯ ಹೊರಗಿದೆ. ನೆರಳು ಉದ್ದವಾದಷ್ಟೂ ಹೊತ್ತು ಸೂರ್ಯೋದಯಕ್ಕೆ ಹತ್ತಿರವಾಗುತ್ತದೆ, ಆದರೆ ಅಳೆಯಬಹುದಾದ ಯಾವ ನೆರಳೂ ಆ ಕ್ಷಣವನ್ನೇ ತೋರಿಸಲಾರದು. ಕಾ = 0 ಎಂಬ ಅಡ್ಡರೇಖೆ ಈ ಸೂತ್ರದ ಅನಂತಸ್ಪರ್ಶಕವೆಂಬುದರ ಲೌಕಿಕ ಅರ್ಥ ಇದು.

ಕೂಟಗಲ್ಲಿನ ನೆರಳು

ಮಹಾವೀರನು ಈ ಸೂತ್ರವನ್ನು ಎಲ್ಲ ಊರುಗಳಿಗೂ ಸಲ್ಲುವುದೆಂದು ಹೇಳುವುದಿಲ್ಲ ಎಂಬುದು ಗಮನಾರ್ಹ. ವಿಷುವಚ್ಛಾಯೆಯಿಲ್ಲದ ಸ್ಥಳಕ್ಕೆ ಎಂಬ ನಿಬಂಧನೆ ಅದಕ್ಕಿದೆ. ಹಗಲು ಇರುಳುಗಳು ಸಮವಾಗುವ ವಿಷುವದ ದಿನ ನಡುಹಗಲಿನಲ್ಲಿ ಶಂಕುವಿನ ನೆರಳೇ ಬೀಳದ ಸ್ಥಳವೆಂದರೆ ಭೂಮಧ್ಯರೇಖೆಯ ಮೇಲಿನದು. ಕರ್ನಾಟಕದ ಯಾವ ಊರೂ ಅಂತಹುದಲ್ಲ. ಆದುದರಿಂದ ವಿಷುವಚ್ಛಾಯೆಯುಳ್ಳ ಸ್ಥಳಗಳಿಗೆ ಬೇರೆಯೇ ಸೂತ್ರವನ್ನು ಅವನು ಕೊಡುತ್ತಾನೆ: ನೆರಳಿಗೆ ಶಂಕುವಿನ ಎತ್ತರವನ್ನು ಕೂಡಿಸಿ, ವಿಷುವಚ್ಛಾಯೆಯನ್ನು ಕಳೆದು, ಇಮ್ಮಡಿಸಿ, ಬಂದುದರಿಂದ ಶಂಕುವಿನ ಎತ್ತರವನ್ನು ಭಾಗಿಸಬೇಕು.

ಇದರ ಪ್ರಯೋಜನವನ್ನು ರಾಮನಗರ ತಾಲ್ಲೂಕಿನ ಕೂಟಗಲ್ಲಿನ ನಿದರ್ಶನದಿಂದ ಪರಿಶೀಲಿಸಬಹುದು. ರಾಮನಗರದ ಸೀಮೆ ಸುಮಾರು 12¾ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ 12 ಅಂಗುಲದ ಶಂಕುವನ್ನು ನೆಟ್ಟರೆ ವಿಷುವದ ದಿನ ನಡುಹಗಲಿನ ನೆರಳು ಸುಮಾರು 2.7 ಅಂಗುಲ. ಮೊದಲ ಸೂತ್ರವನ್ನೇ ಇಲ್ಲಿ ಬಳಸಿದರೆ ಆ ನೆರಳಿಗೆ ಸುಮಾರು 12¼ ಘಳಿಗೆ ಬರುತ್ತದೆ. ನಿಜವಾಗಿ ಆಗ 15 ಘಳಿಗೆ ಕಳೆದಿರುತ್ತದೆ. ಒಂದು ಗಂಟೆಗೂ ಮಿಗಿಲಾದ ವ್ಯತ್ಯಾಸವಿದು. ಎರಡನೆಯ ಸೂತ್ರದಲ್ಲಿ 2.7ಕ್ಕೆ 12 ಕೂಡಿ 2.7 ಕಳೆದರೆ 12, ಇಮ್ಮಡಿಸಿದರೆ 24, 12ನ್ನು 24ರಿಂದ ಭಾಗಿಸಿದರೆ 1/2. ನಡುಹಗಲು ಸರಿಯಾಗಿ ದೊರೆಯಿತು.

ಕೂಟಗಲ್ಲಿಗೆ ಹೊಂದಿಸಿದ ಈ ಸೂತ್ರದ ಛೇದ ಸೊನ್ನೆಯಾಗುವುದು ನೆರಳು -9.3 ಅಂಗುಲವಾದಾಗ, ಅಂತಹ ನೆರಳಿಲ್ಲ. ವಿಷುವದ ದಿನ ಅಲ್ಲಿನ ನೆರಳು 2.7 ಅಂಗುಲಕ್ಕಿಂತ ಕಡಿಮೆಯಾಗುವುದೂ ಇಲ್ಲ. ಆದುದರಿಂದ ಪ್ರಾಂತ 2.7ರಿಂದ ಮೇಲಕ್ಕೆ, ವ್ಯಾಪ್ತಿ ಹಿಂದಿನಂತೆಯೇ. ಭೂಮಧ್ಯರೇಖೆಯಿಂದ ಕೂಟಗಲ್ಲಿಗೆ ಬಂದಾಗ ಲಂಬ ಅನಂತಸ್ಪರ್ಶಕ ಸರಿಯಿತು, ಪ್ರಾಂತ ಸರಿಯಿತು. ಸೂರ್ಯೋದಯವೆಂಬ ಅಡ್ಡ ಅನಂತಸ್ಪರ್ಶಕ ಮಾತ್ರ ಇದ್ದಲ್ಲಿಯೇ ಉಳಿಯಿತು.

ಇದು ಸ್ಥೂಲಸೂತ್ರವೆಂಬುದನ್ನು ಮರೆಯಬಾರದು. ಅದೇ ದಿನ ಹಗಲಿನ ಕಾಲುಭಾಗ ಕಳೆದಾಗ ಅಲ್ಲಿನ ನಿಜವಾದ ನೆರಳು ಸುಮಾರು 12.6 ಅಂಗುಲ. ಸೂತ್ರದ ಪ್ರಕಾರ ಅದು 14.7 ಅಂಗುಲ ಇರಬೇಕು. ಅಳೆದ ನೆರಳಿನಿಂದ ಹೊತ್ತನ್ನು ಎಣಿಸಿದರೆ ಸುಮಾರು 17 ನಿಮಿಷ ಹೆಚ್ಚಾಗಿ ಬರುತ್ತದೆ. ಸೂಕ್ಷ್ಮಗಣನೆಗೆ ಜ್ಯೋತಿಷ ಸಿದ್ಧಾಂತಗ್ರಂಥಗಳಲ್ಲಿ ಜ್ಯಾಗಣಿತದ ಮಾರ್ಗವಿತ್ತು. ವ್ಯವಹಾರದ ಜನರಿಗೆ ಕೂಡಿಸಿ ಭಾಗಿಸುವಷ್ಟರಲ್ಲಿ ಹೊತ್ತು ತಿಳಿಯುವುದು ಈ ಸೂತ್ರದ ಉದ್ದೇಶವಾಗಿತ್ತು.

ಶೂನ್ಯದ ನಿಯಮ

ಈಗ ಸೊನ್ನೆಯಿಂದ ಭಾಗಿಸುವ ನಿಯಮವನ್ನು ಇದೇ ಸೂತ್ರಕ್ಕೆ ಅನ್ವಯಿಸಿ ನೋಡಬಹುದು. ಸೂರ್ಯೋದಯದ ಕ್ಷಣದಲ್ಲಿ ಭೂಮಧ್ಯರೇಖೆಯ ಮೇಲಿನ ನೆರಳೆಷ್ಟು? ತಿರುಗಿಸಿದ ಸೂತ್ರದಲ್ಲಿ ಕಾ ಸೊನ್ನೆಯಾದರೆ 1ನ್ನು ಸೊನ್ನೆಯಿಂದ ಭಾಗಿಸಿ 1 ಕಳೆಯಬೇಕಾಗುತ್ತದೆ. ಭಾಗಿಸಿದರೂ ಸಂಖ್ಯೆ ಬದಲಾಗದೆಂದರೆ 1ರಲ್ಲಿ 1 ಕಳೆದು ನೆರಳು ಸೊನ್ನೆ ಎಂದಾಯಿತು. ನಡುಹಗಲಿನ ನೆರಳೂ ಸೊನ್ನೆಯೇ! ಅದೇ ಸೂತ್ರವನ್ನು (1 - 2ಕಾ) ÷ 2ಕಾ ಎಂದು ಒಂದೇ ಛೇದಕ್ಕೆ ತಂದು ಬರೆದರೆ 1ನ್ನು ಸೊನ್ನೆಯಿಂದ ಭಾಗಿಸಿದಂತಾಗಿ ನೆರಳು ಎತ್ತರದಷ್ಟೇ ಎಂದು ಬರುತ್ತದೆ. ಅದು ಕಾಲುಹಗಲು ಕಳೆದಾಗಿನ ನೆರಳು. ಒಂದೇ ಉಕ್ತಿಯನ್ನು ಎರಡು ರೀತಿಯಲ್ಲಿ ಬರೆದರೆ ಎರಡು ಉತ್ತರಗಳು, ಎರಡೂ ಕಣ್ಣಿಗೆ ಕಾಣುವ ನೆರಳಿಗೆ ವಿರುದ್ಧ. ಶೂನ್ಯಚ್ಛೇದಕ್ಕೆ ಮನಬಂದ ಒಂದು ಬೆಲೆಯನ್ನು ಏಕೆ ಕೊಡಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಹಾಗಾದರೆ ಮಹಾವೀರನು ಆ ನಿಯಮವನ್ನು ಏಕೆ ಹೇಳಿದನು? ಭಾಗಾಕಾರವನ್ನು ಹಂಚಿಕೆಯೆಂದು ಭಾವಿಸಿದರೆ, ಪಡೆಯುವವರೇ ಇಲ್ಲದಿದ್ದಾಗ ಹಂಚಬೇಕಾದ ವಸ್ತು ಇದ್ದಂತೆಯೇ ಉಳಿಯುತ್ತದೆ ಎಂಬ ಸಮರ್ಥನೆಯನ್ನು ಕೆಲವರು ಮುಂದಿಟ್ಟಿದ್ದಾರೆ. ಲೋಕವ್ಯವಹಾರಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಉಳಿದ ವಸ್ತು ಬೇರೆ, ಒಬ್ಬೊಬ್ಬರ ಪಾಲು ಬೇರೆ. ಭಾಗಲಬ್ಧವೆಂದರೆ ಪಾಲು. ಪಡೆಯುವವರೇ ಇಲ್ಲದಲ್ಲಿ ಪಾಲೆಷ್ಟೆಂಬ ಪ್ರಶ್ನೆಗೆ ಅರ್ಥವಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅದೇ ಸಂಜ್ಞಾಧಿಕಾರದಲ್ಲಿ, ಶೂನ್ಯದ ನಿಯಮದಿಂದ ಕೆಲವೇ ಪದ್ಯಗಳ ಅಂತರದಲ್ಲಿ, ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರನು ಹೇಳುತ್ತಾನೆ. ಇದು ಪ್ರಾಂತವನ್ನು ಗುರುತಿಸುವ ಮಾತೇ ಆಗಿದೆ. ಕ್ರಿಯೆ ಸಲ್ಲದ ಕಡೆ ಅವನು ಉತ್ತರವನ್ನು ಕಲ್ಪಿಸಲಿಲ್ಲ. ಕಾರಣ ಸಹಿತವಾಗಿ ನಿರಾಕರಿಸಿದನು. ಯಾವುದನ್ನು ವರ್ಗಮಾಡಿದರೂ ಋಣ ಬರುವುದಿಲ್ಲ ಎಂಬ ಈ ತರ್ಕವನ್ನು ಭಾಗಾಕಾರಕ್ಕೂ ಹೂಡಬಹುದಾಗಿತ್ತು: ಯಾವುದನ್ನು ಸೊನ್ನೆಯಿಂದ ಗುಣಿಸಿದರೂ 1 ಬರುವುದಿಲ್ಲ. ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದು ಅವನೇ ಹೇಳಿದ್ದಾನೆ. ಉಪಕರಣ ಕೈಯಲ್ಲಿತ್ತು, ಈ ಒಂದು ಕಡೆ ಅದನ್ನು ಬಳಸಲಿಲ್ಲ. ಮಹಾವೀರನ ಕೊರತೆಯನ್ನು ಹೇಳುವವರು ಅವನ ಈ ಶಕ್ತಿಯನ್ನೂ ಹೇಳುವುದು ನ್ಯಾಯ.

ಬ್ರಹ್ಮಗುಪ್ತನಿಂದ ಭಾಸ್ಕರನವರೆಗೆ

ಮಹಾವೀರನಿಗಿಂತ ಎರಡು ಶತಮಾನಗಳ ಹಿಂದೆ, 628ರಲ್ಲಿ, ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದೂ ಬೇರೆ ಸಂಖ್ಯೆಯನ್ನು ಭಾಗಿಸಿದರೆ ಸೊನ್ನೆಯನ್ನೇ ಛೇದವಾಗಿ ಉಳ್ಳ ರಾಶಿಯೆಂದೂ ಹೇಳಿದ್ದನು. ಎರಡನೆಯ ಮಾತು ಬೆಲೆಯನ್ನು ಹೇಳದೆ ಹೆಸರನ್ನು ಮಾತ್ರ ಹೇಳುತ್ತದೆ.

1114ರಲ್ಲಿ ಜನಿಸಿದ ಭಾಸ್ಕರಾಚಾರ್ಯನು ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದು ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರೂ, ಅವನ ಮೊಮ್ಮಗ ಚಾಂಗದೇವನ ಶಾಸನ ದೊರೆತ ಮಹಾರಾಷ್ಟ್ರದ ಪಾಟಣೆಯ ಪರಿಸರದ್ದೆಂದು ಇತರರೂ ಅಭಿಪ್ರಾಯಪಟ್ಟಿದ್ದಾರೆ. 1150ರ ಅವನ ಬೀಜಗಣಿತದಲ್ಲಿ ಶೂನ್ಯಚ್ಛೇದದ ರಾಶಿಗೆ 'ಖಹರ'ವೆಂದು ಹೆಸರು. ಪ್ರಳಯ ಸೃಷ್ಟಿಗಳಲ್ಲಿ ಜೀವರಾಶಿಗಳು ಒಳಹೊಕ್ಕರೂ ಹೊರಬಂದರೂ ಅಚ್ಯುತನು ಮಾರ್ಪಡದಂತೆ, ಕೂಡಿಸಿದರೂ ಕಳೆದರೂ ಖಹರ ಮಾರ್ಪಡದೆಂದು ಅವನ ವಿವರಣೆ. ಇದನ್ನು ಛಾಯಾಸೂತ್ರಕ್ಕೆ ಅನ್ವಯಿಸಿದರೆ ಮೇಲೆ ಕಂಡ ವಿರೋಧ ಪರಿಹಾರವಾಗುತ್ತದೆ. ಖಹರದಲ್ಲಿ 1 ಕಳೆದರೂ ಖಹರ. ಒಂದೇ ಛೇದಕ್ಕೆ ತಂದರೂ ಖಹರ. ಎರಡು ರೂಪಗಳಿಗೂ ಉತ್ತರ ಒಂದೇ, ಸೂರ್ಯೋದಯದ ನೆರಳು ಅನಂತ.

ಈ ಹೋಲಿಕೆ ಪರಂಪರೆಗೆ ಹೊಸದಲ್ಲ. ಬೀಜಗಣಿತಕ್ಕೆ ಸುಮಾರು 1600ರ ಹೊತ್ತಿಗೆ ವ್ಯಾಖ್ಯಾನ ಬರೆದ ಕೃಷ್ಣದೈವಜ್ಞನು, ಭಾಜಕವು ಕಡಿಮೆಯಾದಂತೆಲ್ಲ ಲಬ್ಧವು ಹೆಚ್ಚುತ್ತದೆ, ಭಾಜಕದ ಪರಮ ಅಪಕರ್ಷದಲ್ಲಿ ಲಬ್ಧಕ್ಕೆ ಇಷ್ಟೆಂಬ ಮಿತಿಯಿರದು ಎಂದು ಖಹರವನ್ನು ಸಮರ್ಥಿಸುತ್ತಾನೆ. ಉದಯಾಸ್ತಗಳಲ್ಲಿ 1, 2, 3, 4 ಅಂಗುಲಗಳ ಶಂಕುಗಳಿಗೆ ನೆರಳು ಸಮಾನವಾಗಿ ಅನಂತವೆಂಬ ನಿದರ್ಶನವನ್ನೂ ಕೊಡುತ್ತಾನೆ. ಛೇದವು ಸೊನ್ನೆಯತ್ತ ಸಾಗುವಾಗ ಏನಾಗುತ್ತದೆಂದು ನೋಡುವ ಈ ದೃಷ್ಟಿ ಅನಂತಸ್ಪರ್ಶಕದ ಕಲ್ಪನೆಗೆ ಬಹಳ ಸಮೀಪದ್ದು.

ಆದರೆ ಭಾಸ್ಕರನ ಮಾರ್ಗದಲ್ಲಿಯೂ ಒಂದು ತೊಡಕಿದೆ. ಸೊನ್ನೆಯಿಂದ ಗುಣಿಸಿದ ರಾಶಿಯನ್ನು ಮತ್ತೆ ಸೊನ್ನೆಯಿಂದ ಭಾಗಿಸುವುದಿದ್ದರೆ ಅದನ್ನು ಬದಲಾಗದ ರಾಶಿಯೆಂದೇ ತಿಳಿಯಬೇಕೆಂದು ಲೀಲಾವತಿಯಲ್ಲಿ ಅವನು ಹೇಳಿದ್ದಾನೆ. ಅಲ್ಲಿನ ಒಂದು ಲೆಕ್ಕ: ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಅದರ ಅರ್ಧವನ್ನು ಅದಕ್ಕೆ ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ? ಅವನ ಉತ್ತರ 14. ಸೊನ್ನೆಯ ಬದಲು ಅತಿ ಸಣ್ಣ ಸಂಖ್ಯೆಯೊಂದನ್ನು ಇಟ್ಟರೆ ಅಂಶ ಛೇದಗಳೆರಡರಲ್ಲಿಯೂ ಇರುವ ಅದು ಹೊಡೆದುಹೋಗಿ 14 ಸರಿಯಾಗಿಯೇ ಬರುತ್ತದೆ. ಅಂಶವೂ ಛೇದವೂ ಸಾಮಾನ್ಯ ಅಪವರ್ತನದಿಂದ ಸೊನ್ನೆಯಾಗುವಲ್ಲಿ ನಕ್ಷೆಯಲ್ಲಿ ಅನಂತಸ್ಪರ್ಶಕವಿರಬೇಕೆಂದಿಲ್ಲ. ಒಂದು ಬಿಂದು ಮಾತ್ರ ಬಿಟ್ಟುಹೋಗಿರಬಹುದು. ಲೀಲಾವತಿಯ ಈ ಲೆಕ್ಕ ಆ ಬಗೆಯದು. ಬೀಜಗಣಿತದ ಖಹರ ಅನಂತಸ್ಪರ್ಶಕದ ಬಗೆಯದು. ಭಾಸ್ಕರನ ಗಣಿತದಲ್ಲಿ ಎರಡೂ ಕಾಣಿಸಿಕೊಂಡಿವೆ. ಆದರೆ ಎರಡನ್ನೂ ಒಂದೇ ಶೂನ್ಯದ ಭಾಷೆಯಲ್ಲಿ ಹೇಳಿರುವುದರಿಂದ ಅವುಗಳ ನಡುವಣ ಭೇದ ನಿಯಮವಾಗಿ ಮೂಡಿಬಂದಿಲ್ಲ. ಆ ಭೇದವನ್ನು ನಿಷ್ಕೃಷ್ಟವಾಗಿ ಹೇಳಲು ಮಿತಿಯ ಸಿದ್ಧಾಂತ ಬೇಕಾಯಿತು. ಅದಕ್ಕೆ ಕೋಶಿಯ 1821ರ ಗ್ರಂಥದಿಂದ ಭದ್ರವಾದ ತಳಹದಿ ದೊರೆಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಭಾಗಲಬ್ಧ ರೂಪದ ಸೂತ್ರಗಳು 9ನೆಯ ಶತಮಾನದ ಈ ಗ್ರಂಥದಲ್ಲಿ ನಿತ್ಯವ್ಯವಹಾರದ ಉಪಕರಣಗಳಾಗಿದ್ದವು. ಸೂತ್ರವು ಯಾವ ಸ್ಥಳಕ್ಕೆ ಸಲ್ಲುತ್ತದೆ, ಯಾವ ರಾಶಿಗೆ ಸಲ್ಲುವುದಿಲ್ಲ ಎಂಬ ಎಚ್ಚರ ವಿಷುವಚ್ಛಾಯೆಯ ನಿಬಂಧನೆಯಲ್ಲಿಯೂ ಋಣಸಂಖ್ಯೆಯ ವರ್ಗಮೂಲದ ನಿರಾಕರಣೆಯಲ್ಲಿಯೂ ಕಂಡುಬರುತ್ತದೆ. ಶೂನ್ಯಚ್ಛೇದದಲ್ಲಿ ಮಾತ್ರ ಆ ಎಚ್ಚರ ತಪ್ಪಿತು. ಬ್ರಹ್ಮಗುಪ್ತ, ಮಹಾವೀರ, ಭಾಸ್ಕರ ಮೂವರೂ ಆ ಸ್ಥಾನಕ್ಕೆ ಏನಾದರೊಂದನ್ನು ತುಂಬಲು ಯತ್ನಿಸಿದರು. ಒಬ್ಬನು ಹೆಸರನ್ನು ಕೊಟ್ಟನು, ಒಬ್ಬನು ಅದೇ ಸಂಖ್ಯೆಯನ್ನು ಉಳಿಸಿದನು, ಒಬ್ಬನು ಅನಂತವನ್ನಿಟ್ಟನು. ಇಂದಿನ ಗಣಿತವಾದರೋ ಆ ಸ್ಥಾನವನ್ನು ಪ್ರಾಂತದಿಂದ ಬಿಟ್ಟುಕೊಟ್ಟು, ಅದರ ಸಮೀಪದಲ್ಲಿ ಏನಾಗುತ್ತದೆಂಬುದನ್ನು ಅನಂತಸ್ಪರ್ಶಕದ ಮೂಲಕ ಹೇಳುತ್ತದೆ.

ಅನಂತಸ್ಪರ್ಶಕವನ್ನು ಮಹಾವೀರನು ಬಲ್ಲವನಾಗಿದ್ದನೆಂದು ಹೇಳಲು ಗ್ರಂಥದಲ್ಲಿ ಆಧಾರವಿಲ್ಲ. ಅವನ ಶೂನ್ಯನಿಯಮವೊಂದರಿಂದಲೇ ಅವನನ್ನು ಅಳೆಯುವುದಕ್ಕೂ ಆಧಾರವಿಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳಿಂದ ಗಣಿತವನ್ನು ಕನ್ನಡಕ್ಕೆ ತಂದನು. ಅಂದಿನಿಂದ ಈ ಶಾಸ್ತ್ರವನ್ನು ಕನ್ನಡದಲ್ಲಿಯೇ ಯೋಚಿಸಬಹುದೆಂಬುದು ಸಿದ್ಧವಾಗಿದೆ. ಪ್ರಾಂತ, ವ್ಯಾಪ್ತಿಗಳ ಪಾಠಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕೂಟಗಲ್ಲಿನ ಶಾಲೆಯಂಗಳದಲ್ಲಿ 12 ಅಂಗುಲದ ಕೋಲೊಂದನ್ನು ನೆಟ್ಟು ವಿಷುವದ ದಿನ ಬೆಳಗಿನಿಂದ ನಡುಹಗಲಿನವರೆಗೆ ನೆರಳನ್ನು ಅಳೆದರೆ, ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಸೂತ್ರ ಎಷ್ಟರಮಟ್ಟಿಗೆ ಸರಿ, ಎಲ್ಲಿ ಸ್ಥೂಲ, ಯಾವ ಕ್ಷಣವನ್ನು ಅದು ಎಂದಿಗೂ ಮುಟ್ಟಲಾರದು ಎಂಬುದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುತ್ತದೆ. ಮಹಾವೀರಾಚಾರ್ಯನಿಗೆ ಸಲ್ಲಿಸಬಹುದಾದ ಗೌರವ ಈ ಪರೀಕ್ಷೆಯೇ ಆಗಿದೆ.